ನಮ್ಮತ್ರ ಏನಿದೆ ಬರೆಯೋಕೆ ಅನ್ನೋರಿಗೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ, ಆಗದಿದ್ದರೆ ಸೇವ್ ಮಾಡಿಟ್ಟುಕೊಳ್ಳಿ.

"ವಿಲ್ ಬರೆದಿಟ್ಟಿದ್ದೀರಾ?" ಅಂತ ನಮ್ಮ ಸಂಘಟನೆಯ ಯಾರನ್ನೇ ಕೇಳಿದರೂ ಮೊದಲು ನಗ್ತಾರೆ. "ನಮ್ಮತ್ರ ಏನಿದೆ ಅಕ್ಕ ಬರೆಯೋಕೆ? ಸಾಲ ಬರೆದಿಡಬೇಕಷ್ಟೆ" ಅಂತಾರೆ. ಕೆಲವರು ಸಿಟ್ಟೂ ಆಗ್ತಾರೆ. ಬದುಕಿರುವಾಗಲೇ ಸಾವಿನ ಮಾತು ಯಾಕೆ, ಬಿಡ್ತು ಅನ್ನು ಅಂತಾರೆ. ಮೌಢ್ಯದ ವಿರುದ್ಧ ಗಂಟೆಗಟ್ಟಲೆ ಭಾಷಣ ಮಾಡುವವರ ಬಾಯಲ್ಲೂ ಈ "ಬಿಡ್ತು" ಕೇಳಿದ್ದೀನಿ.

ಏನೂ ಇಲ್ಲ ಅನ್ನೋದು ನಿಜವಾ? ಲೆಕ್ಕ ಹಾಕೋಣ. ಅಜ್ಜನ ಕಾಲದ ದರಖಾಸ್ತು ಜಮೀನು ಒಂದೋ ಎರಡೋ ಎಕರೆ. ಅವ್ವನ ಹೆಸರಿನ ಹಕ್ಕುಪತ್ರ ಇರುವ ಮನೆ. ಗಾರ್ಮೆಂಟ್ಸಲ್ಲಿ ದುಡಿದ ತಂಗಿಯ ಪಿಎಫ್. ಒಂದು ಎಲ್‌ಐಸಿ ಪಾಲಿಸಿ. ಸ್ತ್ರೀಶಕ್ತಿ ಸಂಘದ ಉಳಿತಾಯ. ಒಂದು ಬೈಕು, ಎರಡು ಕುರಿ, ಒಂದೆಳೆ ಸರ. ಉಳ್ಳವರ ಲೆಕ್ಕದಲ್ಲಿ ಇದು ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಇದು ಮೂರು ತಲೆಮಾರಿನ ಬೆವರು. ಚಿಲ್ಲರೆ ಅಂತ ನಾವೇ ಅಂದುಕೊಂಡು ಸುಮ್ಮನಿರೋದರಿಂದಲೇ ಅದು ಇನ್ನೊಬ್ಬರ ಪಾಲಾಗೋದು.

ನಮಗೆ ಈ ಅಭ್ಯಾಸ ಯಾಕಿಲ್ಲ ಅನ್ನೋದಕ್ಕೂ ಕಾರಣ ಇದೆ. ಆಸ್ತಿ ಇದ್ದ ಜಾತಿಗಳ ಮನೆಯಲ್ಲಿ ಪತ್ರಗಳನ್ನಿಡೋಕೆ ಒಂದು ಟ್ರಂಕು ಇತ್ತು, ಓದಿ ಹೇಳೋಕೆ ಒಬ್ಬ ಶಾನುಭೋಗ ಇದ್ದ, ಕೋರ್ಟಿಗೆ ಹೋಗೋಕೆ ನೆಂಟರಲ್ಲೇ ಒಬ್ಬ ವಕೀಲ ಇದ್ದ. ನಮ್ಮ ಹಿರಿಯರಿಗೆ ಅಪ್ಪನಿಂದ ಮಗನಿಗೆ ಬಂದಿದ್ದು ತೋಟಿ ಚಾಕರಿ, ತಳವಾರಿಕೆ ಮತ್ತು ಸಾಲ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಬರುವವರೆಗೂ ಚಾಕರಿಯೇ ವಂಶಪಾರಂಪರ್ಯ. ಜೀತದ ಸಾಲವಂತೂ ಕಾಗದವೇ ಇಲ್ಲದೆ ಮಗನ ಹೆಗಲಿಗೆ ಬೀಳ್ತಿತ್ತು. ಭೂಮಿ ನಮ್ಮ ಕೈಗೆ ಬಂದಿದ್ದು ಮೊನ್ನೆ ಮೊನ್ನೆ. ಅದನ್ನು ಹಿಡಿದಿಟ್ಟುಕೊಳ್ಳೋ ವಿದ್ಯೆ ನಾವು ಈಗ ಕಲಿಯಬೇಕು, ಅಷ್ಟೆ.

ನಾನು ಕಚೇರಿಯೊಂದರಲ್ಲಿ ಗುಮಾಸ್ತೆ. ಓದಿರೋದು ಬಿಎ. ವಕೀಲೆ ಅಲ್ಲ. ಆದರೆ ತೀರಿಹೋದ ನೌಕರರ ಫೈಲುಗಳು ವರ್ಷಗಳಿಂದ ನನ್ನ ಟೇಬಲ್ ಮೇಲೆ ಬರ್ತಿವೆ. ಫೈಲು ತೆರೆದರೆ ಆ ಮನೆಯ ಕಥೆಯೆಲ್ಲ ಗೊತ್ತಾಗುತ್ತೆ. ಕೆಲಸಕ್ಕೆ ಸೇರಿದ ದಿನ ನಾಮಿನಿ ಜಾಗದಲ್ಲಿ ಅವ್ವನ ಹೆಸರು ಬರೆದಿರ್ತಾರೆ. ಅವ್ವ ತೀರಿಹೋಗಿ ಹತ್ತು ವರ್ಷ ಆಗಿರುತ್ತೆ. ಆಮೇಲೆ ಮದುವೆ ಆಗಿ, ಮಕ್ಕಳಾಗಿ, ಕಾಗದ ಮಾತ್ರ ಹಾಗೇ ಉಳಿದಿರುತ್ತೆ. ಹೆಂಡತಿ ಕೈಯಲ್ಲಿ ಮಗು ಎತ್ತಿಕೊಂಡು ಬಂದು ನಿಲ್ತಾಳೆ. ಅವಳ ಹೆಸರು ಆಧಾರಲ್ಲಿ ಒಂದು ಥರ, ರೇಷನ್ ಕಾರ್ಡಲ್ಲಿ ಇನ್ನೊಂದು ಥರ. ಮದುವೆ ನೋಂದಣಿ ಇಲ್ಲ. "ವಾರಸುದಾರರ ಪ್ರಮಾಣಪತ್ರ ತನ್ನಿ" ಅಂತ ಬರೆದು ಸಹಿ ಮಾಡೋದು ನನ್ನ ಕೆಲಸ. ಆ ಒಂದು ಸಾಲಿನಿಂದ ಅವಳು ಎಷ್ಟು ದಿನದ ಕೂಲಿ ಬಿಟ್ಟು ಅಲೆಯಬೇಕು ಅನ್ನೋದೂ ನನಗೆ ಗೊತ್ತು. ಸತ್ತವನು ಬದುಕಿದ್ದಾಗ ಹತ್ತು ನಿಮಿಷ ಕೂತು ಒಂದು ಫಾರಂ ತುಂಬಿದ್ದರೆ ಈ ಅಲೆದಾಟದಲ್ಲಿ ಅರ್ಧ ತಪ್ಪುತ್ತಿತ್ತು.

ಇನ್ನೊಂದು ಮಾತು. ನಾಮಿನಿ ಅಂದ್ರೆ ಮಾಲೀಕ ಅಂತ ಬಹಳ ಜನ ತಿಳಿದಿದ್ದಾರೆ. ಬ್ಯಾಂಕಿನಲ್ಲಿ ನಾಮಿನಿಗೆ ದುಡ್ಡು ಕೊಡ್ತಾರೆ, ನಿಜ. ಆದರೆ ಅವರು ಅದನ್ನು ವಾರಸುದಾರರ ಪರವಾಗಿ ಪಡೆದವರು ಮಾತ್ರ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದ ಮೇಲೆ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ದುಡ್ಡು ಅವರದೇ ಅಂತ ಕಾಯ್ದೆ ಹೇಳುತ್ತೆ. ಉಳಿದ ಕಡೆ ನಾಮಿನಿ ಹೆಸರೂ ಬೇಕು, ವಿಲ್ಲೂ ಬೇಕು. ಎರಡರಲ್ಲೂ ಒಂದೇ ಹೆಸರಿದ್ದರೆ ಜಗಳ ಇಲ್ಲ.

ಈಗ ನಮ್ಮ ಮನೆ ವಿಷಯ ಹೇಳ್ತೀನಿ. ಬೇರೆಯವರ ಮನೆ ಕಥೆ ಮಾತ್ರ ಹೇಳಿ ನನ್ನದು ಮುಚ್ಚಿಟ್ಟುಕೊಂಡರೆ ಸರಿಯಲ್ಲ.

ನಮ್ಮಜ್ಜನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. ಕಲ್ಲುಭೂಮಿ. ಅಜ್ಜ, ಅಜ್ಜಿ, ನಮ್ಮ ಅತ್ತೆಯರಿಬ್ಬರು ಕಲ್ಲು ಆಯ್ದು ಬದು ಹಾಕಿದ್ದು. ಅಪ್ಪ, ಚಿಕ್ಕಪ್ಪ ಆಗಿನ್ನೂ ಚಿಕ್ಕ ಹುಡುಗರು. ಅಜ್ಜ 1987ರಲ್ಲಿ ಹೋದರು. ಮರಣ ನೋಂದಣಿ ಯಾರೂ ಮಾಡಿಸಲಿಲ್ಲ. 2014ರಲ್ಲಿ ಅಪ್ಪನೂ ಹೋದರು. 2019ರವರೆಗೂ ಪಹಣಿಯಲ್ಲಿ ಅಜ್ಜನ ಹೆಸರೇ. ಸತ್ತವರ ಹೆಸರಿನ ಪಹಣಿ ಇಟ್ಟುಕೊಂಡರೆ ಬೆಳೆಸಾಲ ಇಲ್ಲ, ಪಿಎಂ ಕಿಸಾನ್ ಇಲ್ಲ, ಬೆಳೆ ಹಾಳಾದರೆ ಪರಿಹಾರಕ್ಕೂ ಪರದಾಟ. ಉಳೋದು ನಾವು, ದಾಖಲೆಯಲ್ಲಿರೋದು ಅಜ್ಜನ ಸಮಾಧಿ.

ಕೊನೆಗೆ ಚಿಕ್ಕಪ್ಪ ಪೌತಿ ಖಾತೆಗೆ ಅರ್ಜಿ ಹಾಕಿದರು. ಒಳ್ಳೆಯದೇ. ಆದರೆ ಜೊತೆಗಿಟ್ಟ ವಂಶವೃಕ್ಷದಲ್ಲಿ ಅಜ್ಜನಿಗೆ ಇಬ್ಬರೇ ಮಕ್ಕಳು. ಅಪ್ಪ ಮತ್ತು ಚಿಕ್ಕಪ್ಪ. ಅತ್ತೆಯರಿಬ್ಬರೂ ಹುಟ್ಟೇ ಇರಲಿಲ್ಲ ಅನ್ನೋ ಹಾಗೆ. ಅಪ್ಪನ ಕೆಳಗೆ ಅವ್ವ, ಅಣ್ಣ ಇದ್ದರು, ನಾನಿರಲಿಲ್ಲ. ಆ ಕಲ್ಲು ಆಯ್ದ ಕೈಗಳೇ ಮರದಿಂದ ಉದುರಿಹೋಗಿದ್ದವು.

ಅಣ್ಣನಿಗೆ ಫೋನ್ ಮಾಡಿದೆ. ನಮ್ಮಣ್ಣನೂ ಚಳವಳಿಯವನೇ. ಮನೆಯ ಗೋಡೆ ಮೇಲೆ ಬಾಬಾಸಾಹೇಬರ ದೊಡ್ಡ ಫೋಟೋ ಇದೆ.

"ನಿನಗ್ಯಾಕವ್ವ ಅದು? ತಿಂಗಳಿಗೆ ಸಂಬಳ ಬರ್ತದಲ್ಲ. ಅತ್ತೇರು ಕೇಳಿದ್ರಾ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅಂದ.

"ಅಣ್ಣ, ನಿನ್ನ ಗೋಡೆ ಮೇಲಿರೋರು ಮಂತ್ರಿ ಪದವಿ ಯಾಕೆ ಬಿಟ್ಟರು ಅಂತ ಮೊನ್ನೆ ಏಪ್ರಿಲ್ 14ಕ್ಕೆ ನೀನೇ ಭಾಷಣ ಮಾಡಿದ್ಯಲ್ಲ?" ಅಂದೆ.

ಫೋನ್ ಇಟ್ಟ.

ಹೌದು ಬಂಧುಗಳೇ. 1951ರ ಸೆಪ್ಟೆಂಬರಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ದೊಡ್ಡ ಕಾರಣಗಳಲ್ಲಿ ಒಂದು ಹಿಂದೂ ಕೋಡ್ ಬಿಲ್ ಹಿಂದಕ್ಕೆ ಸರಿದದ್ದು. ಅದರ ಜೀವ ಇದ್ದದ್ದು ಹೆಣ್ಣಿಗೆ ಆಸ್ತಿ ಹಕ್ಕಿನಲ್ಲಿ. ಆಮೇಲೆ ಅದೇ ತುಂಡಾಗಿ ಬಂದಿದ್ದರಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು. ನಮ್ಮಲ್ಲಿ ಬೌದ್ಧರಾದವರಿಗೂ ಅದೇ ಅನ್ವಯ. ಅಪ್ಪ ಸ್ವಂತವಾಗಿ ಪಡೆದ ಆಸ್ತಿಯಲ್ಲಿ, ಅಪ್ಪ ವಿಲ್ ಬರೆಯದೆ ಹೋದರೆ, ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು. ಇದು 2005ರಲ್ಲಿ ಬಂದದ್ದಲ್ಲ, 1956ರಿಂದಲೇ ಇದೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ಕ್ಕೆ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿತು. "ಮದುವೆ ಮಾಡಿಕೊಟ್ಟಾಯ್ತಲ್ಲ" ಅನ್ನೋ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ.

ನೋಟಿಸ್ ಅವಧಿಯಲ್ಲೇ ತಕರಾರು ಅರ್ಜಿ ಹಾಕಿದೆ. ಹದಿನಾಲ್ಕು ತಿಂಗಳು ಅಲೆದಾಡಿದ ಮೇಲೆ ಹೊಸ ವಂಶವೃಕ್ಷ ಆಯ್ತು. ಎಲ್ಲರ ಹೆಸರೂ ಬಂತು. ಲೆಕ್ಕ ನೋಡಿ. ಎರಡು ಎಕರೆ ಅಂದ್ರೆ 80 ಗುಂಟೆ. ಅಜ್ಜಿಯೂ ಹೋದ ಮೇಲೆ ನಾಲ್ಕು ಮಕ್ಕಳಿಗೆ ತಲಾ 20 ಗುಂಟೆ. ಅಪ್ಪನ 20 ಗುಂಟೆಯಲ್ಲಿ ಅವ್ವ, ಅಣ್ಣ, ನಾನು. ನನಗೆ ಬಂದಿದ್ದು ಏಳು ಗುಂಟೆಯೂ ಪೂರ್ತಿ ಇಲ್ಲ. ಈ ಏಳಕ್ಕೂ ಕಮ್ಮಿ ಗುಂಟೆಗೆ ಅಣ್ಣ ಒಂದು ವರ್ಷ ಮಾತು ಬಿಟ್ಟ. ಚಿಕ್ಕಪ್ಪ ಈಗಲೂ ಎದುರಿಗೆ ಸಿಕ್ಕರೆ ಮುಖ ತಿರುಗಿಸ್ತಾರೆ.

ದೊಡ್ಡತ್ತೆ ಗಂಡನಿಲ್ಲದೆ ಕೂಲಿ ಮಾಡಿ ಬದುಕಿದವರು. ಪಹಣಿ ಪ್ರಿಂಟ್ ಕೈಗೆ ಕೊಟ್ಟೆ. ಓದೋಕೆ ಬರಲ್ಲ. "ಇದರಲ್ಲಿ ನನ್ನ ಹೆಸರು ಯಾವುದು ಮಗ?" ಅಂತ ಕೇಳಿದರು. ತೋರಿಸಿದೆ. ಆ ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ ಬಹಳ ಹೊತ್ತು ಕೂತಿದ್ದರು.

ಇದನ್ನೆಲ್ಲ ಅಜ್ಜ ಒಂದು ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿ ಮುಗಿಸಬಹುದಿತ್ತು. ಅವರಿಗೆ ಹಾಗೆ ಮಾಡಬಹುದು ಅಂತ ಹೇಳುವವರೇ ಇರಲಿಲ್ಲ. ನಮಗೆ ಇದ್ದಾರೆ. ಆದ್ದರಿಂದ ಗೊತ್ತಿರೋದನ್ನು ಇಲ್ಲಿ ಬರೀತಿದ್ದೀನಿ.

ದರಖಾಸ್ತು ಜಮೀನು ಇರುವವರು ಇದನ್ನು ಗಮನವಿಟ್ಟು ಓದಿ. ನಮ್ಮ ಮಂಜೂರಾತಿ ಜಮೀನನ್ನು ಕಾಯೋದು 1978ರ ಪಿಟಿಸಿಎಲ್ ಕಾಯ್ದೆ. ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ನಡೆಯಲ್ಲ. ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಆ ಕಾಯ್ದೆಯ ಪ್ರಕಾರ ಕ್ರಯ ಮಾತ್ರ ಪರಭಾರೆ ಅಲ್ಲ. ದಾನ, ಅಡಮಾನ, ಗುತ್ತಿಗೆ, ಕ್ರಯದ ಕರಾರು ಎಲ್ಲವೂ ಪರಭಾರೆಯೇ. ಕುಟುಂಬದವರ ನಡುವಿನ ವಿಭಾಗ ಮತ್ತು ಉಯಿಲು, ಇವೆರಡನ್ನು ಮಾತ್ರ ಕಾಯ್ದೆ ಹೊರಗಿಟ್ಟಿದೆ. ಆದ್ದರಿಂದ "ಮಗನಿಗೆ ದಾನಪತ್ರ ಮಾಡಿಬಿಡಿ, ಸುಲಭ" ಅಂತ ಯಾರಾದರೂ ಹೇಳಿದರೆ ಅನುಮತಿ ವಿಷಯ ಕೇಳಿಕೊಳ್ಳದೆ ಸಹಿ ಹಾಕಬೇಡಿ. ಮನೆಯೊಳಗೆ ಹಂಚೋದಾದರೆ ವಿಭಾಗಪತ್ರ ಇದೆ, ವಿಲ್ ಇದೆ.

ಈ ಕಿಂಡಿ ದಲ್ಲಾಳಿಗಳಿಗೂ ಗೊತ್ತು. ವಯಸ್ಸಾದವರ ಹತ್ತಿರ ಬಂದು ಔಷಧಿಗೆ ದುಡ್ಡು ಕೊಟ್ಟು "ಸುಮ್ಮನೆ ಒಂದು ವಿಲ್ ಬರೆದುಕೊಡಿ ತಾತ" ಅಂದರೆ, ಅದು ವಿಲ್ ಮುಖವಾಡ ಹಾಕಿಕೊಂಡ ಮಾರಾಟ ಅಂತ ತಿಳಿಯಿರಿ. ಕೇರಿಯ ಹುಡುಗರು ಇಂಥದ್ದರ ಮೇಲೆ ಕಣ್ಣಿಡಬೇಕು. ಭೂಮಿ ಹೋರಾಟ ಅಂದ್ರೆ ತಾಲ್ಲೂಕು ಕಚೇರಿ ಮುಂದೆ ಕೂರೋದು ಮಾತ್ರ ಅಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನನ್ನ ಗೆಳತಿಯೊಬ್ಬಳು ಅಂಗನವಾಡಿಯಲ್ಲಿ ದುಡೀತಿದ್ದಳು. ಗಂಡ ಬೇಗ ಹೋದ, ಮಕ್ಕಳಿಲ್ಲ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದ್ದರು. ಇಪ್ಪತ್ತು ವರ್ಷ ತನ್ನ ಅವ್ವನನ್ನು ಸಾಕಿಕೊಂಡು, ಒಂದು ಸೈಟು ಮಾಡಿ, ಬ್ಯಾಂಕಲ್ಲಿ ಸ್ವಲ್ಪ ಇಟ್ಟಿದ್ದಳು. ಅವಳು ತೀರಿಹೋದ ಮೇಲೆ ಹೊರಗೆ ಹಾಕಿದವರೇ ಸಾಲಾಗಿ ಬಂದು ನಿಂತರು. ಕಾನೂನೂ ಅವರ ಕಡೆಗೇ ಇತ್ತು! ವಿಲ್ ಇಲ್ಲದೆ ಸತ್ತ ಹೆಣ್ಣಿನ ಸ್ವಂತ ದುಡಿಮೆಯ ಆಸ್ತಿ ಮೊದಲು ಗಂಡ ಮತ್ತು ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆಮೇಲೆ ಅವಳ ಹೆತ್ತವರಿಗೆ. 1956ರ ಕಾಯ್ದೆಯ 15ನೇ ಸೆಕ್ಷನ್ ಹೀಗಿದೆ. ತವರಿನಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತವರಿನ ಕಡೆಗೆ ಹೋಗುತ್ತೆ. ಎಂಬತ್ತರ ಮುದುಕಿ ಮಗಳ ಮನೆಯ ಬಾಗಿಲಲ್ಲಿ ಕೂತು ನೋಡ್ತಿದ್ದಳು. ಗಂಡ ಬಿಟ್ಟವರು, ವಿಧವೆಯರು, ಮಕ್ಕಳಿಲ್ಲದವರು, ನಿಮ್ಮಷ್ಟು ವಿಲ್ ಬೇಕಾದವರು ಬೇರೆ ಯಾರೂ ಇಲ್ಲ. ದಯವಿಟ್ಟು ಈ ವಾರವೇ ಬರೆಯಿರಿ.

ಬರೆಯೋದು ಕಷ್ಟ ಅಲ್ಲ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ನೀವು ಯಾರು, ನಿಮ್ಮ ಹತ್ತಿರ ಏನೇನಿದೆ, ಸರ್ವೆ ನಂಬರು, ಖಾತೆ ನಂಬರು, ಯಾರಿಗೆ ಏನು. ತಾರೀಖು ಹಾಕಿ ಸಹಿ ಮಾಡಿ, ಬರದಿದ್ದರೆ ಹೆಬ್ಬೆಟ್ಟು ನಡೆಯುತ್ತೆ. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕೋದನ್ನು ನೋಡಿ, ನಿಮ್ಮೆದುರೇ ಸಹಿ ಮಾಡಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿಕೊಂಡರೆ ಅನುಮಾನಕ್ಕೆ ದಾರಿ, ಬೇಡ. ನಮ್ಮ ಕಡೆ ಸಾಕ್ಷಿಗೆ ಹಿರಿಯರನ್ನೇ ಕರೆಯೋದು ರೂಢಿ. ಆದರೆ ನಾಳೆ ಕೋರ್ಟಿಗೆ ಹೋದರೆ ಸಾಕ್ಷಿ ಹೇಳೋಕೆ ಅವರು ಬದುಕಿರಬೇಕು. ನಿಮಗಿಂತ ಚಿಕ್ಕ ವಯಸ್ಸಿನವರನ್ನು ಹಿಡಿಯಿರಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಬಲ ಹೆಚ್ಚು. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೊನೆಯದೇ ಲೆಕ್ಕಕ್ಕೆ. ವಿಲ್ ಬರೆದ ಕೂಡಲೇ ಆಸ್ತಿ ಕೈಬಿಟ್ಟು ಹೋಗಲ್ಲ, ನೀವು ಇರುವವರೆಗೂ ಅದು ನಿಮ್ಮದೇ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಮಾತ್ರ ಬರೆಯಬಹುದು, ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲಿಗಲ್ಲ.

ಜೊತೆಗೆ, ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತೆ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತೆ. ಹೋಗಿ ಕೇಳಿ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ವಿಲ್ ಅನ್ನೋದು ಎರಡಲಗಿನ ಕತ್ತಿ. ಸ್ವಂತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು ಅನ್ನೋ ಸ್ವಾತಂತ್ರ್ಯವನ್ನೇ ಹಿಡಿದುಕೊಂಡು ಎಷ್ಟೋ ಅಪ್ಪಂದಿರು ಹೆಣ್ಣುಮಕ್ಕಳನ್ನು ಬಿಟ್ಟು ಬರೀತಾರೆ. ಕಾನೂನು ಕೊಟ್ಟಿದ್ದನ್ನು ವಿಲ್ ಕಿತ್ತುಕೊಳ್ಳುತ್ತೆ. ಹಾಗೆ ಬರೆದು ಮೇಲೆ "ನಮೋ ಬುದ್ಧಾಯ" ಅಂತ ಹಾಕಿದರೆ ಬುದ್ಧ ಬರ್ತಾನಾ? ಮನೆಯೊಳಗಿನ ಮನುವನ್ನು ಮಗನ ಹೆಸರಿಗೆ ಬರೆದುಕೊಟ್ಟ ಹಾಗಾಗುತ್ತೆ ಅಷ್ಟೆ.

ಚಳವಳಿಯಲ್ಲಿರುವವರಿಗೆ ಇನ್ನೆರಡು ವಿಷಯ. ನಿಮ್ಮ ಅಂತ್ಯಕ್ರಿಯೆ ಹೇಗಾಗಬೇಕು, ಬೌದ್ಧ ವಿಧಿಯಲ್ಲೋ, ಯಾವ ವಿಧಿಯೂ ಇಲ್ಲದೆಯೋ ಅಂತ ವಿಲ್ ಒಳಗೆ ಮಾತ್ರ ಬರೆದರೆ ಪ್ರಯೋಜನ ಇಲ್ಲ. ವಿಲ್ ತೆರೆಯೋ ಹೊತ್ತಿಗೆ ತಿಥಿಯೂ ಮುಗಿದಿರುತ್ತೆ. ಬೇರೆ ಹಾಳೆಯಲ್ಲಿ ಬರೆದು, ಮನೆಯವರನ್ನು ಕೂರಿಸಿಕೊಂಡು ಓದಿ ಹೇಳಿ. ನೇತ್ರದಾನಕ್ಕೆ ಇರೋದು ಸುಮಾರು ಆರು ಗಂಟೆ ಸಮಯ. ದೇಹದಾನಕ್ಕೂ ಮನೆಯವರೇ ಒಪ್ಪಿಸಬೇಕು. ಎರಡನೆಯದು ನಿಮ್ಮ ಪುಸ್ತಕ, ಕರಪತ್ರ, ಹೋರಾಟದ ಫೋಟೋ, ಹಾಡಿನ ನೋಟ್‌ಬುಕ್ಕು. ಹಿರಿಯ ಹೋರಾಟಗಾರರು ಹೋದ ತಿಂಗಳೊಳಗೆ ಅವರ ಪುಸ್ತಕ ಗುಜರಿ ಗಾಡಿ ಹತ್ತೋದನ್ನು ನಾನು ಕಣ್ಣಾರೆ ನೋಡಿದ್ದೀನಿ. ನೀವು ಬರೆದ ಹಾಡು, ಲೇಖನದ ಹಕ್ಕು ನೀವು ಹೋದ ಮೇಲೂ 60 ವರ್ಷ ಇರುತ್ತೆ. ಅದೂ ಆಸ್ತಿಯೇ. ಯಾವ ಲೈಬ್ರರಿಗೆ, ಯಾವ ಸಂಘಕ್ಕೆ, ಯಾರ ಕೈಗೆ ಅಂತ ಹೆಸರು ಬರೆದಿಡಿ.

ನಾನು ನನ್ನದನ್ನು ಬರೆದಿದ್ದೀನಿ. ಎರಡು ಪುಟ. ಉಳಿತಾಯದ ದುಡ್ಡು, ಮನೆಯ ಪಾಲು ಯಾರಿಗೆ ಅನ್ನೋದು ಮನೆಯವರಿಗೆ ಗೊತ್ತಿದೆ. ಪುಸ್ತಕಗಳು ನಮ್ಮ ಕೇರಿಯ ಅಂಬೇಡ್ಕರ್ ಭವನಕ್ಕೆ. ಆ ಏಳಕ್ಕೂ ಕಮ್ಮಿ ಗುಂಟೆ ನನ್ನ ಮಗಳಿಗೆ. ಆದರೆ ದೊಡ್ಡತ್ತೆ ಇರುವವರೆಗೂ ಅದರಲ್ಲಿ ಬೆಳೆದದ್ದು ದೊಡ್ಡತ್ತೆಗೆ. ಸಾಕ್ಷಿ ಹಾಕಿದವರು ಸಂಘಟನೆಯ ಇಬ್ಬರು ಹುಡುಗಿಯರು. ಇಬ್ಬರಿಗೂ ಮೂವತ್ತು ದಾಟಿಲ್ಲ. ಸಹಿ ಹಾಕಿ ಹೊರಡುವಾಗ ಅವರಲ್ಲೊಬ್ಬಳು "ಅಕ್ಕ, ನಮ್ಮ ಮನೆ ವಂಶವೃಕ್ಷದಲ್ಲಿ ನನ್ನ ಹೆಸರಿದೆಯಾ ಅಂತ ನೋಡಬೇಕು" ಅಂದಳು. ಮಾರನೇ ದಿನವೇ ನಾಡಕಚೇರಿಗೆ ಹೋಗಿದ್ದಳು.

ಈ ಸಲ ಡಿಸೆಂಬರ್ 6ಕ್ಕೆ ಮೇಣದಬತ್ತಿ ಹಚ್ಚುವ ಮೊದಲು ಪ್ರತಿ ಕೇರಿಯಲ್ಲೂ ಒಂದು ಭಾನುವಾರ ಬಿಡುವು ಮಾಡಿಕೊಳ್ಳೋಣ. ಓದಿದ ಮಕ್ಕಳು ಲ್ಯಾಪ್‌ಟಾಪ್ ತರಲಿ. ಮನೆಮನೆಯ ಪಹಣಿ ಯಾರ ಹೆಸರಿನಲ್ಲಿದೆ ನೋಡೋಣ. ಸತ್ತವರ ಹೆಸರಿದ್ದರೆ ಪೌತಿ ಖಾತೆ ಅರ್ಜಿ ಬರೆಯೋಣ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಎಣಿಸೋಣ. ಹಿರಿಯರನ್ನು ಕೂರಿಸಿಕೊಂಡು ಅವರ ಮಾತಿನಲ್ಲೇ ಹಾಳೆಗೆ ಇಳಿಸೋಣ.

ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇಂಥ ಶಿಬಿರ ಮಾಡೋದಾದರೆ ತಿಳಿಸಿ. ಭಾನುವಾರ ನನಗೆ ರಜೆ. ಪೆನ್ನು, ಬಿಳಿ ಹಾಳೆ ನಾನೇ ತರ್ತೀನಿ.

ಜೈ ಭೀಮ್.